ಬಣ್ಣದ ನೀರು: ವಿಜಯಪುರ ಸೀಮೆಯ ಬಣ್ಣಗಾರಿಕೆ ಮತ್ತು ಬಿಸಿಲಿನ ಲೇಪ

ನೂಲಿಗೆ ಬಣ್ಣ ಹಾಕುವುದು ನೀರಿನ ಕಸಬು. ಬೇರು ಕುಟ್ಟುವುದು, ಹೂವು ಒಣಗಿಸುವುದು, ಹಂಡೆಗೆ ಉರಿ ಹಾಕುವುದು ಇವೆಲ್ಲ ಅರ್ಧ ಕೆಲಸ. ನೂಲಿನ ಲಡಿಯನ್ನು ನೆನೆಸಿ, ಬಣ್ಣದಲ್ಲಿ ಅದ್ದಿ, ಹಿಂಡಿ, ಬಣ್ಣ ಬಿಡುವುದು ನಿಲ್ಲುವವರೆಗೆ ಜಾಲಿಸುವುದು ಉಳಿದರ್ಧ. ಅದಕ್ಕೆ ಬೇಕಾಗುವ ನೀರು ಬಣ್ಣ ಕಾಯಿಸುವ ನೀರಿನ ಹಲವು ಪಟ್ಟು. ವಿಜಯಪುರ ಸೀಮೆಯಲ್ಲಿ ಈ ಕಸಬಿನ ಚರಿತ್ರೆ ಬರೆಯಹೊರಟರೆ ಬಣ್ಣಕ್ಕಿಂತ ಮೊದಲು ನೀರಿನ ಮಾತು ಬರುವುದು ಇದೇ ಕಾರಣಕ್ಕೆ.

ಈ ಸೀಮೆಗೆ ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಅದೂ ನಂಬುವಂಥದ್ದಲ್ಲ. ಮಹಾರಾಷ್ಟ್ರದ ಜತ್ತ ಕಡೆಯಿಂದ ಬರುವ ಡೋಣಿ ನದಿ ತಿಕೋಟಾ, ಬಬಲೇಶ್ವರ ಭಾಗದ ಎರೆಹೊಲಗಳ ನಡುವೆ ಸಾರವಾಡದ ಕಡೆ ಹಾದು, ಮುಂದೆ ತಾಳಿಕೋಟೆಯನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ. ಡೋಣಿ ದಂಡೆಯ ಎರೆಮಣ್ಣು ಬಿಳಿಜೋಳಕ್ಕೆ ಹೆಸರಾದದ್ದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬರ್ಥದ ಗಾದೆ ಇಂದಿಗೂ ಜನರ ಬಾಯಲ್ಲಿದೆ. ಆದರೆ ಡೋಣಿಯ ನೀರು ಸವಳು. ದಂಡೆಯ ಅನೇಕ ಬಾವಿಗಳ ನೀರೂ ಉಪ್ಪುಪ್ಪು, ಗಡಸು. ಗಡಸು ನೀರಿನಲ್ಲಿ ಬೇಳೆ ಬೇಯುವುದು ಕಷ್ಟ, ಸಾಬೂನು ನೊರೆ ಕೊಡುವುದಿಲ್ಲ, ಬಣ್ಣವೂ ನೂಲಿಗೆ ಸಮನಾಗಿ ಹಿಡಿಯುವುದಿಲ್ಲ. ಸಿಹಿನೀರು ಸಿಕ್ಕಲ್ಲಿ ಮಾತ್ರ ಬಣ್ಣದವರು ನೆಲೆ ನಿಲ್ಲಬಹುದಿತ್ತು.

ಆ ಸಿಹಿನೀರನ್ನು ವಿಜಯಪುರ ನಗರಕ್ಕೆ ತಂದವರು ಆದಿಲಶಾಹಿಗಳು. 15ನೇ ಶತಮಾನದ ಕೊನೆಗೆ ಯೂಸುಫ್ ಆದಿಲ್ ಖಾನ್ ಸ್ಥಾಪಿಸಿದ ರಾಜ್ಯದ ರಾಜಧಾನಿ ಬೆಳೆದಂತೆಲ್ಲ ಊರಿನ ಬಾವಿಗಳು ಸಾಲದಾದವು. ಮೊದಲನೇ ಅಲಿ ಆದಿಲ್ ಶಾಹನ ಕಾಲದಲ್ಲಿ, 1579ರಲ್ಲಿ, ಚಾಂದ ಬಾವಡಿ ಕಟ್ಟಲಾಯಿತು. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, 1620ರ ಸುಮಾರಿಗೆ, ತಾಜ ಬಾವಡಿ ತಲೆಯೆತ್ತಿತು. ಒಂದೊಂದು ಬದಿಗೆ ಸುಮಾರು 223 ಅಡಿ ಉದ್ದದ ಚೌಕ ಕೊಳ, ಎದುರಿಗೆ ದೊಡ್ಡ ಕಮಾನು, ಅದರ ಎರಡೂ ಮಗ್ಗುಲಲ್ಲಿ ಎಂಟು ಮೂಲೆಯ ಬುರುಜುಗಳು. ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ಹರಿದು ಬರುತ್ತಿತ್ತು. ಆ ಸುರಂಗದ ಉದ್ದಕ್ಕೂ ಗಾಳಿಬೆಳಕಿಗಾಗಿ, ಹೂಳು ತೆಗೆಯುವುದಕ್ಕಾಗಿ ತೋಡಿದ ಬಾವಿಗಳ ಸಾಲು ಈಗಲೂ ಕಾಣುತ್ತದೆ. ದಕ್ಷಿಣಕ್ಕೆ ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ ಆಯಿತು. ಅಲ್ಲಿಂದ ಹೊರಟ ಮಣ್ಣಿನ ಕೊಳವೆಗಳು ನೆಲದಾಳದಲ್ಲಿ ಸಾಗಿ ಊರೊಳಗೆ ಬರುತ್ತಿದ್ದವು. ಕೊಳವೆಯಲ್ಲಿ ಒತ್ತಡ ಹೆಚ್ಚಿ ಒಡೆಯದಿರಲೆಂದು ನಡುನಡುವೆ ಗಂಜ್ ಎಂಬ ನೀರಗೋಪುರಗಳನ್ನು ಎತ್ತಿದ್ದರು. ಬರದ ನಾಡಿನಲ್ಲಿ ಇಷ್ಟು ದೊಡ್ಡ ನಗರ ಬಾಳಿದ್ದು ಈ ಕಟ್ಟಡಗಳ ಬಲದಿಂದ. ಗೋಲಗುಂಬಜವನ್ನು ನೋಡಿ ಬೆರಗಾಗುವ ಕಣ್ಣು ಈ ಕೊಳವೆಗಳನ್ನು ಕಾಣದೆ ಹೋಗುವುದು ನಿಜಕ್ಕೂ ನಷ್ಟ.

ನೀರಿನ ಸುತ್ತ ಪೇಟೆಗಳು ಹಬ್ಬಿದವು, ಪೇಟೆಗಳಲ್ಲಿ ನೇಕಾರರು, ಅವರ ಜೊತೆಗೆ ಬಣ್ಣದವರು. ನೀಲಿ ಹಾಕುವವರು ನೀಲಗಾರರು, ಮಿಕ್ಕ ಬಣ್ಣಗಳವರು ಬಣ್ಣಗಾರರು, ರಂಗರೇಜರು. ಈ ಹೆಸರುಗಳು ಇಂದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮನೆತನದ ಅಡ್ಡಹೆಸರುಗಳಾಗಿ ಉಳಿದಿವೆ. ಅವುಗಳನ್ನು ಹೊತ್ತ ಎಷ್ಟೋ ಮನೆಗಳಲ್ಲಿ ಬಣ್ಣದ ಹಂಡೆ ಕಾಣೆಯಾಗಿ ತಲೆಮಾರುಗಳೇ ಕಳೆದಿವೆ.

ಬಣ್ಣಗಳು ಬರುತ್ತಿದ್ದುದು ಹೊಲದಿಂದ. ಇದರಲ್ಲಿ ತಿಕೋಟಾ, ಬಬಲೇಶ್ವರದ ಎರೆಭೂಮಿಯ ಪಾಲು ದೊಡ್ಡದು, ಏಕೆಂದರೆ ಕುಸುಬಿ ಈ ಮಣ್ಣಿನ ಹಿಂಗಾರಿ ಬೆಳೆ. ಮುಳ್ಳು ತುಂಬಿದ ಈ ಗಿಡವನ್ನು ಬಿಳಿಜೋಳದ ಹೊಲದ ಅಂಚಿಗೆ ಸಾಲಾಗಿ ಬಿತ್ತುವ ರೂಢಿ ಇತ್ತು, ದನ ಒಳಗೆ ನುಗ್ಗದಂತೆ ಅದೇ ಬೇಲಿ. ಬೀಜ ಗಾಣಕ್ಕೆ, ಎಸಳು ಬಣ್ಣಕ್ಕೆ. ಎಸಳಿನಲ್ಲಿ ಎರಡು ಬಗೆಯ ಬಣ್ಣಗಳಿವೆ. ನೀರಿನಲ್ಲಿ ಸುಲಭವಾಗಿ ಕರಗುವ ಹಳದಿ ಬಹಳ, ನೀರಿನಲ್ಲಿ ಕರಗದ ಕೆಂಪು ಸ್ವಲ್ಪ. ಬಣ್ಣದವರಿಗೆ ಬೇಕಾದದ್ದು ಆ ಸ್ವಲ್ಪ. ಒಣಗಿದ ಎಸಳನ್ನು ಬಟ್ಟೆಯಲ್ಲಿ ಕಟ್ಟಿ, ತುಳಿದು, ಹಿಂಡಿ, ಹಳದಿಯೆಲ್ಲ ಹೋಗುವತನಕ ನೀರು ಹಾಯಿಸುತ್ತಿದ್ದರು. ಆಮೇಲೆ ಸವಳುಖಾರದ ನೀರಿನಲ್ಲಿ ಕೆಂಪನ್ನು ಇಳಿಸಿ, ಹುಣಸೆ ಅಥವಾ ನಿಂಬೆಯ ಹುಳಿ ಬಿಟ್ಟರೆ ಗುಲಾಬಿಯಿಂದ ಕಡುಗೆಂಪಿನವರೆಗಿನ ಬಣ್ಣ ಬಟ್ಟೆಗೆ ಹಿಡಿಯುತ್ತಿತ್ತು. ಹಬ್ಬದ ರುಮಾಲು, ಮದುವೆಯ ಬಟ್ಟೆಗಳಿಗೆ ಒಪ್ಪುವ ಬಣ್ಣ. ಆದರೆ ಬಿಸಿಲಿಗೆ ಒಡ್ಡಿದರೆ ಕೆಲವೇ ದಿನಗಳಲ್ಲಿ ಮಾಸುವಂಥದ್ದು, ಸಾಬೂನು ತಾಗಿದರೆ ಕೆಡುವಂಥದ್ದು.

ನೀಲಿಯ ದಾರಿ ಬೇರೆ. ನೀಲಿ ಗಿಡದ ಸೊಪ್ಪನ್ನು ಕೊಳೆಸಿ, ಬಡಿದು, ತಳಕ್ಕೆ ಇಳಿದ ಗಷ್ಟನ್ನು ಒಣಗಿಸಿದ ಬಿಲ್ಲೆಗಳು ಬಣ್ಣದ ಮನೆಗೆ ಬರುತ್ತಿದ್ದವು. ನೀಲಿ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ನೀಲಗಾರರು ಬಾಯಿ ಕಿರಿದಾದ ಹರವಿಯನ್ನು ನೆಲದಲ್ಲಿ ಹುಗಿದು, ಸುಣ್ಣ, ಬೇಯಿಸಿದ ತಗಚೆ ಬೀಜ, ಬೆಲ್ಲ ಹಾಕಿ ಹುಳಿಯಬಿಡುತ್ತಿದ್ದರು. ಹುಳಿತದ ಸೂಕ್ಷ್ಮಜೀವಿಗಳು ಹರವಿಯೊಳಗಿನ ಆಮ್ಲಜನಕವನ್ನು ಹೀರಿಕೊಂಡಾಗ ನೀಲಿ ತನ್ನ ಬಣ್ಣ ಕಳೆದುಕೊಂಡು ಕರಗುತ್ತದೆ. ಅದರಲ್ಲಿ ಅದ್ದಿದ ಲಡಿ ಹಳದಿ ಹಸಿರಾಗಿ ಮೇಲೆ ಬಂದು, ಗಾಳಿ ತಾಗಿದೊಡನೆ ನೀಲಿಗೆ ತಿರುಗುತ್ತದೆ. ಹರವಿ ‘ಎದ್ದಿದೆಯೇ’ ಎಂದು ವಾಸನೆಯಿಂದ, ನೊರೆಯಿಂದ, ನಾಲಗೆಗೆ ಒಂದು ಹನಿ ತಾಗಿಸಿ ತಿಳಿಯುವ ಜಾಣತನ ಮಗ ಅಪ್ಪನಿಂದ ಕಲಿಯಬೇಕಾದದ್ದಾಗಿತ್ತು. ಮತ್ತೆ ಮತ್ತೆ ಅದ್ದಿದರೆ ನೀಲಿ ಗಾಢವಾಗುತ್ತ ಕಪ್ಪಿನ ಹತ್ತಿರಕ್ಕೆ ಬರುತ್ತದೆ. ಕೆಂಪಂಚಿನ ಕರಿ ಸೀರೆ ಚಂದ್ರಕಾಳಿಯ ಹಿಂದೆ ಇದ್ದದ್ದು ಈ ತಾಳ್ಮೆ.

ಗಟ್ಟಿ ಕೆಂಪು ಮಡ್ಡಿ ಗಿಡದ ಬೇರಿನಿಂದ ಬರುತ್ತಿತ್ತು. ಗಿಡ ಮೂರು ವರ್ಷವಾದರೂ ಎರೆಯಲ್ಲಿ ಬೇರಿಳಿಸಿದ ಮೇಲೆ ಆಳಕ್ಕೆ ಅಗೆದು ತೆಗೆಯಬೇಕು. ನೂಲಿಗೆ ಮೊದಲು ಎಣ್ಣೆ ಮತ್ತು ಸವಳುಖಾರ, ಆಮೇಲೆ ಅಳಲೆಕಾಯಿಯ ಒಗರು, ತುರಟಿ ಅಂದರೆ ಪಟಿಕ, ಕೊನೆಗೆ ಬೇರಿನ ಕಷಾಯ. ತುರಟಿ ಇಲ್ಲದೆ ಬಣ್ಣ ನಿಲ್ಲದು. ಹಳದಿಗೆ ಅರಿಸಿನ, ದಾಳಿಂಬೆ ಸಿಪ್ಪೆ. ನೀಲಿಯ ಮೇಲೆ ಹಳದಿ ಹಾಕಿದರೆ ಗಿಳಿಹಸಿರು.

ಇಷ್ಟೆಲ್ಲ ಆದಮೇಲೆ ಉಳಿಯುತ್ತಿದ್ದ ನೀರು ಶುದ್ಧವೆಂದೇನೂ ಅಲ್ಲ. ಹುಳಿತ ನೀಲಿಯ ಹರವಿ ನಾರುತ್ತಿತ್ತು, ಸುಣ್ಣ ಮತ್ತು ಖಾರದ ನೀರು ಗಿಡಕ್ಕೆ ಹಾಕುವಂಥದ್ದಲ್ಲ, ಅಳಲೆಯ ಒಗರು ಹೊಂಡದ ಮೀನಿಗೆ ಹಿತವಲ್ಲ. ಹಳೆಯದೆಲ್ಲ ಒಳ್ಳೆಯದೆಂದು ಹೇಳುವವರು ಇದನ್ನು ಮರೆಯುತ್ತಾರೆ. ಆದರೂ ಆ ನೀರಿನ ಗುಣ ಬೇರೆಯಾಗಿತ್ತು. ಕುಸುಬಿಯ ಹಳದಿ ನೀರು ಬಿಸಿಲಿಗೆ ಬೇಗ ತಿಳಿಯಾಗುತ್ತಿತ್ತು. ನೀಲಿ ಗಾಳಿ ತಾಗಿದೊಡನೆ ಕರಗದ ಪುಡಿಯಾಗಿ ತಳ ಸೇರುತ್ತಿತ್ತು. ಬೇರು ಸೊಪ್ಪಿನ ಅಂಶವನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತಿದ್ದವು. ಬಣ್ಣದ ಪ್ರಮಾಣವೂ ಕಡಿಮೆ, ಒಂದು ಮನೆಯ ಹರವಿಯಿಂದ ದಿನಕ್ಕೆ ಹೊರಬೀಳುವುದು ಕೆಲವು ಕೊಡ ನೀರು. ನೀರನ್ನು ತಿಳಿ ಮಾಡುವ ಕೆಲಸವನ್ನು ಬಿಸಿಲು ಮತ್ತು ನೆಲ ಸಂಬಳವಿಲ್ಲದೆ ಮಾಡುತ್ತಿದ್ದವು.

1686ರಲ್ಲಿ ಔರಂಗಜೇಬನ ಸೇನೆಗೆ ವಿಜಯಪುರ ಬಿದ್ದ ಮೇಲೆ ರಾಜಧಾನಿಯ ಬೇಡಿಕೆ ಕರಗಿತು. ನಗರದ ಕೊಳವೆಗಳು ಒಂದೊಂದಾಗಿ ಹೂಳು ತುಂಬಿಕೊಂಡವು. ನೇಯ್ಗೆ ಮತ್ತು ಬಣ್ಣ ಅಳಿಯಲಿಲ್ಲ, ಸೀಮೆಯ ಇತರ ಪೇಟೆಗಳಲ್ಲಿ ಗಟ್ಟಿಯಾದವು. ಇಳಕಲ್ಲಿನಲ್ಲಿ ತೋಪುತೆನೆ ಸೆರಗಿನ ಸೀರೆ, ಗುಳೇದಗುಡ್ಡದಲ್ಲಿ ಕುಬಸದ ಖಣ, ರಬಕವಿ ಬನಹಟ್ಟಿಯಲ್ಲಿ ಮತ್ತೊಂದು ಬಗೆಯ ಸೀರೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಈ ಊರುಗಳೆಲ್ಲ ವಿಜಯಪುರ ಜಿಲ್ಲೆಯವೇ. ಇಳಕಲ್ ಸೀರೆಯ ದಾಳಿಂಬೆ ಕೆಂಪು, ನವಿಲುಹಸಿರು, ಗಿರಿಕುಂಕುಮದ ಹೆಸರುಗಳಲ್ಲಿ ಆ ಹಳೆಯ ಬಣ್ಣದ ಮನೆಗಳ ನೆನಪಿದೆ, ಹಂಡೆಯೊಳಗಿನ ಪುಡಿ ಮಾತ್ರ ಬದಲಾಯಿತು.

ಬದಲಾವಣೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ, ಅದೂ ಒಂದರ ಹಿಂದೊಂದು ಪೆಟ್ಟಾಗಿ. ಮೊದಲು ಗಿರಣಿ ನೂಲು, ಗಿರಣಿ ಬಟ್ಟೆ. ಆಮೇಲೆ 1876–78ರ ಬರ. ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಸೀಮೆ ಮುಂಬೈ ಪ್ರಾಂತದಲ್ಲೇ ಅತಿ ಹೆಚ್ಚು ನೊಂದ ಭಾಗಗಳಲ್ಲಿ ಒಂದು. 1872ರ ಗಣತಿಯಲ್ಲಿ ಎಂಟು ಲಕ್ಷ ಮೀರಿದ್ದ ಜನ 1881ರ ಹೊತ್ತಿಗೆ ಆರೂವರೆ ಲಕ್ಷಕ್ಕೂ ಕಡಿಮೆಯಾದರು. ಹೊಟ್ಟೆಗಿಲ್ಲದಾಗ ಸೀರೆ ಕೊಳ್ಳುವವರಿಲ್ಲ, ಸೀರೆ ಕೊಳ್ಳುವವರಿಲ್ಲದಾಗ ನೇಕಾರನಿಗೂ ಬಣ್ಣದವನಿಗೂ ಕೂಳಿಲ್ಲ. ಆ ಬರದ ಹೊತ್ತಿಗಾಗಲೇ ಯುರೋಪಿನಲ್ಲಿ ಕಲ್ಲಿದ್ದಲ ಟಾರಿನಿಂದ ಬಣ್ಣ ತೆಗೆಯುವ ವಿದ್ಯೆ ಬೆಳೆದಿತ್ತು. 1856ರಲ್ಲಿ ವಿಲಿಯಂ ಪರ್ಕಿನ್ ನೇರಳೆ ಬಣ್ಣವೊಂದನ್ನು ಪಡೆದದ್ದು ಮೊದಲ ಹೆಜ್ಜೆ. 1869ರಲ್ಲಿ ಬೇರುಗಳ ಕೆಂಪಿಗೆ ಸಮನಾದ ಅಲಿಝರಿನ್ನಿನ ತಯಾರಿಕೆಗೆ ಪೇಟೆಂಟ್ ಸಿಕ್ಕಿತು. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಮೂರು ವರ್ಷ ಕಾದು ಬೇರು ಅಗೆಯುವ ರೈತನಿಗೆ ಡಬ್ಬಿಯ ಪುಡಿಯ ಎದುರು ನಿಲ್ಲಲಾಗಲಿಲ್ಲ. ಮಡ್ಡಿ ಹೊಲಬಿಟ್ಟಿತು, ನೀಲಿ ಹೊಲಬಿಟ್ಟಿತು. ಕುಸುಬಿ ಮಾತ್ರ ಉಳಿದುಕೊಂಡಿತು, ಎಣ್ಣೆಗಾಗಿ.

20ನೇ ಶತಮಾನದಲ್ಲಿ ಹತ್ತಿನೂಲಿಗೆ ನ್ಯಾಫ್ತಾಲ್ ಮತ್ತು ವ್ಯಾಟ್ ಬಣ್ಣಗಳು, ರೇಷ್ಮೆಗೆ ಆಸಿಡ್ ಬಣ್ಣಗಳು ಬಂದವು. 1956ರಲ್ಲಿ ನೂಲಿನ ಅಣುವಿಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಸೇರಿಕೊಂಡವು. ಬಣ್ಣದ ಮನೆಯ ಮಾತಿನಲ್ಲಿ ತಗಚೆ, ಅಳಲೆ, ತುರಟಿಗಳ ಜಾಗಕ್ಕೆ ಕಾಸ್ಟಿಕ್, ಹೈಡ್ರೋಸ್, ಬೇಸ್, ಸಾಲ್ಟ್ ಎಂಬ ಶಬ್ದಗಳು ಕೂತವು. ಬಣ್ಣದವರ ಪಾಲಿಗೆ ಇದು ದೊಡ್ಡ ಬಿಡುಗಡೆ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಂಪು ಒಂದು ಮಧ್ಯಾಹ್ನದಲ್ಲಿ ಆಗುತ್ತಿತ್ತು, ಹದ ತಪ್ಪುವ ಭಯ ಕಡಿಮೆಯಾಯಿತು, ಸೀರೆ ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಈ ಅನುಕೂಲವನ್ನು ಕಡೆಗಣಿಸಿ ಅವರನ್ನು ದೂರುವುದು ನ್ಯಾಯವಲ್ಲ.

ತೊಡಕು ಇದ್ದದ್ದು ಆ ಗಟ್ಟಿತನದಲ್ಲೇ. ಬಟ್ಟೆಯ ಬಣ್ಣ ಬಿಸಿಲನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಉದ್ಯಮ 1ರಿಂದ 8ರವರೆಗಿನ ದರ್ಜೆಗಳಲ್ಲಿ ಅಳೆಯುತ್ತದೆ. ಒಂದೊಂದು ದರ್ಜೆ ಮೇಲೇರಿಸಲು ರಸಾಯನಶಾಸ್ತ್ರಜ್ಞರು ದಶಕಗಟ್ಟಲೆ ದುಡಿದರು. ಬಿಸಿಲಿಗೆ, ಸಾಬೂನಿಗೆ, ಬೆವರಿಗೆ ಜಗ್ಗದಂತೆ ಕಟ್ಟಿದ ಅಣು ಚರಂಡಿ ಸೇರಿದ ಮೇಲೂ ಜಗ್ಗುವುದಿಲ್ಲ. ಇಂದಿನ ಬಣ್ಣಗಳಲ್ಲಿ ಬಹುಪಾಲು ಅಝೋ ಗುಂಪಿನವು. ಎರಡು ಸಾರಜನಕ ಪರಮಾಣುಗಳ ಜೋಡಿಕೊಂಡಿ ಬಣ್ಣದ ಮೂಲ, ಅದರ ಎರಡೂ ಕಡೆ ಬೆನ್ಝೀನ್ ಮಾದರಿಯ ಉಂಗುರಗಳು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇದು ರೂಢಿಯ ಆಹಾರವಲ್ಲ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೊಂಡಿ ಮುರಿದರೂ ಕೆಲವು ಬಣ್ಣಗಳಿಂದ ಕ್ಯಾನ್ಸರ್ ತರಬಲ್ಲ ಅಮೀನುಗಳು ಹುಟ್ಟುತ್ತವೆ. ಭಾರತದಲ್ಲಿ 1990ರ ದಶಕದಲ್ಲಿ 112 ಅಝೋ ಮತ್ತು ಬೆನ್ಝಿಡಿನ್ ಮೂಲದ ಬಣ್ಣಗಳನ್ನು ನಿಷೇಧಿಸಿದ್ದು ಈ ಕಾರಣದಿಂದ. ಹಳೆಯ ರಿಯಾಕ್ಟಿವ್ ಬಣ್ಣಗಳಲ್ಲಿ ನೂರಕ್ಕೆ 20ರಿಂದ 40ರಷ್ಟು ಭಾಗ ನೂಲಿಗೆ ಹಿಡಿಯದೆ ನೀರಿನಲ್ಲೇ ಉಳಿಯುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೂ ಬಣ್ಣ ಕಣ್ಣಿಗೆ ಕಾಣುತ್ತದೆ, ನೀರಿನೊಳಕ್ಕೆ ಇಳಿಯುವ ಬೆಳಕನ್ನು ತಡೆಯುತ್ತದೆ. ಜೊತೆಗೆ ಬಣ್ಣ ನೂಲಿಗೆ ಏರಲೆಂದು ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯುತ್ತಾರೆ. ಮೊದಲೇ ಸವಳಾದ ಡೋಣಿ ಕಣಿವೆಯಂಥ ನೆಲಕ್ಕೆ ಈ ಉಪ್ಪು ಬಣ್ಣಕ್ಕಿಂತ ಕೆಟ್ಟ ಅತಿಥಿ.

ಇದೇ ಕಾಲದಲ್ಲಿ ನಗರದ ಬಾವಡಿಗಳ ಗತಿಯೂ ಇಳಿಯಿತು. ಕೊಳಾಯಿಯಲ್ಲಿ ಮೊದಲು ಭೂತನಾಳ ಕೆರೆಯ ನೀರು, ಆಮೇಲೆ ಕೊಲ್ಹಾರದಿಂದ ಕೃಷ್ಣೆಯ ನೀರು ಬಂದಾಗ ಬಾವಡಿ ಯಾರ ಹೊಣೆಯೂ ಅಲ್ಲವಾಯಿತು. ತಾಜ ಬಾವಡಿಯಲ್ಲಿ ಬಟ್ಟೆ ಒಗೆತ, ಚರಂಡಿ, ಕಸ, ಗಣೇಶನ ಮೂರ್ತಿಗಳ ಬಣ್ಣ ಎಲ್ಲ ಕೂಡಿಕೊಂಡವು. 2010ರ ದಶಕದ ಉತ್ತರಾರ್ಧದಲ್ಲಿ ಹೂಳು ತೆಗೆದು ಶುಚಿಗೊಳಿಸುವ ಕೆಲಸ ನಡೆದು, ತಾಜ ಬಾವಡಿ ಮತ್ತು ನಗರದ ಹಲವು ಹಳೆಯ ಬಾವಿಗಳು ಮತ್ತೆ ನೀರು ಕಂಡವು. ನಾಲ್ಕು ಶತಮಾನಗಳ ಹಿಂದಿನ ಕಟ್ಟಡ ಇಂದಿಗೂ ನೀರು ಹಿಡಿಯಬಲ್ಲದು ಎಂಬುದು ಆಗ ಕಣ್ಣೆದುರೇ ಸಾಬೀತಾಯಿತು. ಆದರೆ ಒಮ್ಮೆ ಹೂಳೆತ್ತಿದರೆ ಬಣ್ಣದ ನೀರಿನ ಪ್ರಶ್ನೆ ಮುಗಿಯುವುದಿಲ್ಲ, ಕರಗಿದ ಬಣ್ಣ ಹೂಳಿನ ಜೊತೆ ಹೋಗುವುದಿಲ್ಲ.

ಕರಗಿದ ಬಣ್ಣವನ್ನು ತೆಗೆಯಲು ಇರುವ ಹಳೆಯ ಉಪಾಯ ಸುಣ್ಣ ಮತ್ತು ಪಟಿಕ. ಒಂದು ಕಾಲಕ್ಕೆ ಬಣ್ಣವನ್ನು ನೂಲಿಗೆ ಕಟ್ಟಿಹಾಕುತ್ತಿದ್ದ ಪಟಿಕವೇ ಈಗ ಅದನ್ನು ನೀರಿನಿಂದ ಕೆಳಗಿಳಿಸುತ್ತದೆ, ಆದರೆ ತಳದಲ್ಲಿ ಬಣ್ಣದ ಕೆಸರು ಉಳಿಯುತ್ತದೆ. ಇದ್ದಿಲು ಬಣ್ಣ ಹೀರುತ್ತದೆ, ಆಮೇಲೆ ಆ ಇದ್ದಿಲನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಬರುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಹಾಳಾದ ಮೇಲೆ ಮದ್ರಾಸ್ ಹೈಕೋರ್ಟು 2011ರಲ್ಲಿ ನೂರಾರು ಬಣ್ಣದ ಘಟಕಗಳ ಬಾಗಿಲು ಮುಚ್ಚಿಸಿತು. ಅಲ್ಲಿ ಉಳಿದ ದಾರಿ ಪೊರೆಗಳ ಮೂಲಕ ನೀರು ಸೋಸಿ, ಉಳಿದ ಉಪ್ಪುನೀರನ್ನು ಕಾಯಿಸಿ ಬತ್ತಿಸುವುದು. ರಫ್ತಿನ ಕಾರ್ಖಾನೆಗಳಿಗೆ ಆಗಬಹುದಾದ ಖರ್ಚು ಅದು. ಮನೆಯ ಹಿತ್ತಿಲಲ್ಲಿ ಎರಡು ಹಂಡೆ ಇಟ್ಟುಕೊಂಡ ಇಳಕಲ್ಲಿನ ಬಣ್ಣದವನಿಗೆ ಆಗುವಂಥದ್ದಲ್ಲ. ಬಿಸಿಲಿನಿಂದ ಕೆಲಸ ಮಾಡುವ ಲೇಪಗಳ ಕಡೆಗೆ ಗಮನ ಹೋಗುವುದು ಇಲ್ಲಿಯೇ.

ಈ ವಿದ್ಯೆಯ ಮೂಲ ಒಂದು ದೂರು. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗೋಡೆಯ ಬಣ್ಣಕ್ಕೆ ಬೆರೆಸತೊಡಗಿದಾಗ, ಬಿಸಿಲು ಬೀಳುವ ಗೋಡೆಗಳ ಬಣ್ಣ ಕೆಲವೇ ವರ್ಷಗಳಲ್ಲಿ ಸುಣ್ಣದಂತೆ ಉದುರುತ್ತಿತ್ತು. ಬಿಸಿಲಿನಲ್ಲಿ ಈ ಪುಡಿ ತನ್ನ ಸುತ್ತಲಿನ ಅಂಟನ್ನು ತಿನ್ನುತ್ತದೆ ಎಂದು ಕ್ರಮೇಣ ತಿಳಿಯಿತು. 1938ರಲ್ಲಿ ಇಂಗ್ಲೆಂಡಿನ ಗುಡೀವ್ ಮತ್ತು ಕಿಚನರ್ ಈ ಪುಡಿ ಬೆಳಕಿನಲ್ಲಿ ಬಣ್ಣಗಳನ್ನು ಬಿಳಿಚಿಸುವುದನ್ನು ಅಳೆದು ತೋರಿಸಿದರು. 1972ರಲ್ಲಿ ಜಪಾನಿನ ಅಕಿರಾ ಫುಜಿಷಿಮಾ ಮತ್ತು ಕೆನಿಚಿ ಹೋಂಡಾ ಅದೇ ವಸ್ತುವಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದ ವರದಿ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಇದರಿಂದ ನೀರಿನ ಸಯನೈಡನ್ನು ನಾಶಮಾಡಬಹುದೆಂದು ತೋರಿಸಿದರು. ಬಣ್ಣ ತಯಾರಕರ ಕಣ್ಣಿಗೆ ದೋಷವಾಗಿದ್ದದ್ದು ನೀರು ತೊಳೆಯುವವರ ಕೈಗೆ ಗುಣವಾಗಿ ಸಿಕ್ಕಿತು.

ಅದು ಕೆಲಸ ಮಾಡುವ ರೀತಿ ಹೀಗೆ. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿನ ಮೇಲೆ 387 ನ್ಯಾನೋಮೀಟರಿಗಿಂತ ಚಿಕ್ಕ ಅಲೆಯ ಬೆಳಕು, ಅಂದರೆ ಬಿಸಿಲಿನ ಅತಿನೇರಳೆ ಭಾಗ, ಬಿದ್ದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ, ಹಿಂದೆ ಒಂದು ತೆರವು ಉಳಿಯುತ್ತದೆ. ಆ ತೆರವು ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಮೇಲೆ ಹೋದ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಕ್ಷಣಮಾತ್ರ ಬದುಕುತ್ತದೆ, ಆ ಕ್ಷಣದಲ್ಲಿ ತಾಗಿದ ಇಂಗಾಲದ ಅಣುವನ್ನು ಒಡೆಯುತ್ತದೆ. ಅಝೋ ಬಣ್ಣದಲ್ಲಿ ಮೊದಲು ಮುರಿಯುವುದು ಸಾರಜನಕದ ಜೋಡಿಕೊಂಡಿ, ಆಗ ನೀರು ತಿಳಿಯಾಗುತ್ತದೆ. ಉಂಗುರಗಳು ಒಡೆದು, ಚಿಕ್ಕ ಆಮ್ಲಗಳಾಗಿ, ಕೊನೆಗೆ ಇಂಗಾಲದ ಡೈಆಕ್ಸೈಡ್, ನೀರು, ಸಲ್ಫೇಟ್, ನೈಟ್ರೇಟುಗಳಾಗಲು ಇನ್ನೂ ಹೆಚ್ಚು ಹೊತ್ತು ಬೇಕು. ಬಣ್ಣ ಹೋದಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯುವುದು ಅಪಾಯ. ಕಣ್ಣಿಗೆ ತಿಳಿಯಾದ ನೀರಿನಲ್ಲಿ ಅರ್ಧ ಒಡೆದ ಅಣುಗಳು ಇನ್ನೂ ಇರಬಹುದು. ಈ ವಿಚಾರದ ಪ್ರಯೋಗಗಳಲ್ಲಿ ಉಳಿದ ಒಟ್ಟು ಇಂಗಾಲವನ್ನು ಅಳೆದವುಗಳನ್ನು ಮಾತ್ರ ಪೂರ್ತಿ ನಂಬಬೇಕು.

ಪುಡಿಯನ್ನು ನೇರವಾಗಿ ನೀರಿಗೆ ಕಲಸಿದರೆ ಕೆಲಸ ಚುರುಕು, ಆದರೆ ಆಮೇಲೆ ಆ ಸೂಕ್ಷ್ಮ ಕಣಗಳನ್ನು ನೀರಿನಿಂದ ಬೇರ್ಪಡಿಸುವುದು ಬಣ್ಣ ತೆಗೆಯುವುದಕ್ಕಿಂತ ಕಷ್ಟ. ಈ ಕಾರಣಕ್ಕೆ ಲೇಪ ಬಂತು. ಆಸ್ಟ್ರೇಲಿಯಾದ ರಾಲ್ಫ್ ಮ್ಯಾಥ್ಯೂಸ್ 1987ರಲ್ಲಿ ಗಾಜಿನ ಮೇಲೆ ತೆಳುವಾಗಿ ಹಿಡಿಸಿದ ಟೈಟಾನಿಯಂ ಡೈಆಕ್ಸೈಡ್ ನೀರಿನ ಕಲ್ಮಶಗಳನ್ನು ಸುಡಬಲ್ಲದೆಂದು ತೋರಿಸಿದರು. ಟೈಟಾನಿಯಂ ಸಂಯುಕ್ತದ ದ್ರಾವಣದಲ್ಲಿ ಗಾಜು ಅಥವಾ ಬಿಲ್ಲೆಯನ್ನು ಅದ್ದಿ, ಒಣಗಿಸಿ, ಸುಮಾರು 450–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಲೇಪ ಗಟ್ಟಿಯಾಗುತ್ತದೆ. ಉರಿ ಅದಕ್ಕಿಂತ ಬಹಳ ಹೆಚ್ಚಿದರೆ ಅನಟೇಸ್ ರೂಪ ರೂಟೈಲ್ ಆಗಿ ತಿರುಗಿ ಚುರುಕು ಕಳೆದುಕೊಳ್ಳುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಗೆ ಗಟ್ಟಿ ಬೇರು ಸಿಕ್ಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಕೆ. ಸಿ. ಪಾಟೀಲರು 1980ರ ದಶಕದಲ್ಲಿ ದ್ರಾವಣವನ್ನೇ ಉರಿಸಿ ಆಕ್ಸೈಡು ಪಡೆಯುವ ದಹನ ವಿಧಾನವನ್ನು ಬೆಳೆಸಿದರು. ಎಂ. ಎಸ್. ಹೆಗಡೆ, ಗಿರಿಧರ ಮದ್ರಾಸ್ ಮತ್ತು ಅವರ ವಿದ್ಯಾರ್ಥಿಗಳು ಟೈಟಾನಿಲ್ ನೈಟ್ರೇಟಿಗೆ ಗ್ಲೈಸಿನ್ ಬೆರೆಸಿ ಈ ವಿಧಾನದಿಂದ ಹತ್ತು ನ್ಯಾನೋಮೀಟರ್ ಆಸುಪಾಸಿನ ಅನಟೇಸ್ ಕಣಗಳನ್ನು ಮಾಡಿದರು. ಹಲವು ಬಣ್ಣಗಳನ್ನು ಅದು ಮಾರುಕಟ್ಟೆಯ ಹೆಸರಾಂತ ಪುಡಿಗಿಂತ ಬೇಗ ಒಡೆಯುತ್ತದೆ ಎಂದು 2003–04ರಲ್ಲಿ ವರದಿ ಮಾಡಿದರು. ಮೈಸೂರಿನಲ್ಲಿ ಕೆ. ಬೈರಪ್ಪನವರ ತಂಡ ಬಿಸಿನೀರಿನ ಒತ್ತಡದಲ್ಲಿ ಬೆಳೆಸಿದ ಸತುವಿನ ಆಕ್ಸೈಡಿನಿಂದ ರೋಡಮಿನ್ ಬಿ ಬಣ್ಣವನ್ನು ಒಡೆದು 2006ರಲ್ಲಿ ಪ್ರಕಟಿಸಿತು. ಕಚ್ಚಾ ವಸ್ತುವೂ ದೂರದ್ದಲ್ಲ. ಕೇರಳದ ಕಡಲತೀರದ ಕರಿಮರಳಿನಲ್ಲಿ ಟೈಟಾನಿಯಂ ಅದಿರಿದೆ, ತಿರುವನಂತಪುರದ ಟ್ರಾವಂಕೂರ್ ಟೈಟಾನಿಯಂ ಕಾರ್ಖಾನೆ ಅನಟೇಸ್ ಪುಡಿಯನ್ನೇ ತಯಾರಿಸುತ್ತ ಬಂದಿದೆ. ಆದರೂ ರಾಜ್ಯದಲ್ಲಿ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ಪ್ರಯೋಗಾಲಯದ ಗಾಜಿನ ಪಾತ್ರೆಗಳಲ್ಲಿ, ಶುದ್ಧ ನೀರಿಗೆ ಬೆರೆಸಿದ ಒಂದೇ ಬಣ್ಣದ ಮೇಲೆ. ಬಣ್ಣದ ಮನೆಯ ನಿಜವಾದ ನೀರಿನಲ್ಲಿ ಹತ್ತು ಬಗೆಯ ಬಣ್ಣ, ಉಪ್ಪು, ಕಾಸ್ಟಿಕ್, ಗಂಜಿ, ಎಣ್ಣೆ ಕೂಡಿರುತ್ತವೆ.

ನಿಜವಾದ ನೀರಿನ ಮೇಲೆ ನಡೆದ ಪ್ರಯೋಗಗಳಲ್ಲಿ ವಿಜಯಪುರ ಸೀಮೆಗೆ ಹತ್ತಿರವೆನಿಸುವುದು ಉತ್ತರ ಆಫ್ರಿಕಾದ ಟ್ಯುನೀಷಿಯಾದ್ದು. ಅಲ್ಲಿನ ಮೆನ್ಝೆಲ್ ತೆಮಿಮ್ ಎಂಬ ಊರಿನ ಬಟ್ಟೆ ಕಾರ್ಖಾನೆಯ ಆವರಣದಲ್ಲಿ ಲೇಪ ಹಚ್ಚಿದ ಓರೆ ಹಾಸುಗಳನ್ನು ಬಯಲಿನಲ್ಲಿಟ್ಟು, ಅವುಗಳ ಮೇಲಿಂದ ಬಣ್ಣದ ನೀರನ್ನು ತೆಳ್ಳನೆಯ ಪದರವಾಗಿ ಇಳಿಯಬಿಟ್ಟರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಗಾಜಿನ ಕೊಳವೆಗಳಿಲ್ಲ, ಕನ್ನಡಿಗಳಿಲ್ಲ. ಒಂದು ಪಂಪು, ಒಂದು ಓರೆ, ಮೇಲೆ ಬಿಸಿಲು. ಹಿತ್ತಿಲಿನ ಬಣ್ಣದ ಮನೆಗೆ ಒಗ್ಗುವ ರೂಪವೆಂದರೆ ಇದೇ.

ಬಿಸಿಲಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ, ಆದರೆ ಅತಿನೇರಳೆ ಭಾಗ ಒಟ್ಟು ಬಿಸಿಲಿನ ನೂರಕ್ಕೆ ನಾಲ್ಕೈದು ಮಾತ್ರ. ಉಳಿದ ಬೆಳಕನ್ನೂ ದುಡಿಸಿಕೊಳ್ಳಲು ಸಾರಜನಕ, ಬೆಳ್ಳಿ ಮುಂತಾದವುಗಳನ್ನು ಬೆರೆಸುವ ಪ್ರಯತ್ನಗಳು ನಡೆದಿವೆ. ಗಾಢ ಬಣ್ಣದ ನೀರು ತಾನೇ ಬೆಳಕನ್ನು ನುಂಗಿಬಿಡುವುದರಿಂದ ಮೊದಲ ಹಂಡೆಯ ನೀರನ್ನು ಲೇಪದ ಮೇಲೆ ಹರಿಸಿ ಫಲವಿಲ್ಲ. ಅದನ್ನು ಸುಣ್ಣ ಪಟಿಕದಿಂದ ತಿಳಿಗೊಳಿಸಿದ ಮೇಲೆ, ಇಲ್ಲವೇ ಕೊನೆಯ ಜಾಲಿಕೆಗಳ ತೆಳುಬಣ್ಣದ ನೀರಿಗೆ, ಈ ವಿಧಾನ ತಕ್ಕದ್ದು. ಕೊನೆಯ ಜಾಲಿಕೆಯ ನೀರೇ ಪ್ರಮಾಣದಲ್ಲಿ ಹೆಚ್ಚು, ತಿಳಿಯಾದರೆ ಅದನ್ನೇ ಮರುದಿನದ ಮೊದಲ ಜಾಲಿಕೆಗೆ ಬಳಸಬಹುದು. ನೀರಿಲ್ಲದ ನಾಡಿನಲ್ಲಿ ಈ ಲಾಭ ಸಣ್ಣದಲ್ಲ.

ಹಳೆಯ ಬಣ್ಣದವರನ್ನು ಕಾಡಿದ ಗಡಸು ನೀರು ಇಲ್ಲಿಯೂ ಎದುರಾಗುತ್ತದೆ. ನೀರಿನ ಬೈಕಾರ್ಬೊನೇಟ್ ಮತ್ತು ಕ್ಲೋರೈಡುಗಳು ಹೈಡ್ರಾಕ್ಸಿಲ್ ರ‍್ಯಾಡಿಕಲ್ಲುಗಳನ್ನು ಬಣ್ಣಕ್ಕೆ ತಲುಪುವ ಮೊದಲೇ ನುಂಗಿ ಕೆಲಸವನ್ನು ನಿಧಾನಗೊಳಿಸುತ್ತವೆ. ಬಿಸಿಲಿಗೆ ನೀರು ಆರಿದಂತೆ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಳಿ ಗಾರು ಲೇಪದ ಮೇಲೆ ಕಟ್ಟಿ ಬೆಳಕನ್ನು ತಡೆಯುತ್ತದೆ. ಆಗಾಗ ತೆಳುವಾದ ಆಮ್ಲದಿಂದ ತೊಳೆಯಬೇಕು, ಹಾಗೆ ತೊಳೆದಾಗ ಲೇಪ ಕಿತ್ತುಹೋಗದಷ್ಟು ಗಟ್ಟಿಯಾಗಿ ಹಿಡಿದಿರಬೇಕು. ಸೀಮೆಯ ಅನೇಕ ಬಾವಿಗಳ ನೀರಿನಲ್ಲಿ ಈ ಪರೀಕ್ಷೆ ಗೆಲ್ಲುವ ಲೇಪವೇ ಇಲ್ಲಿಗೆ ಸಲ್ಲುವ ಲೇಪ. ಬೆಂಗಳೂರಿನ ಶುದ್ಧ ನೀರಿನಲ್ಲಿ ಬಂದ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ಹೊಂದಿಸಲಾಗದು.

ಉಪ್ಪನ್ನು ಈ ಲೇಪ ಮುಟ್ಟುವುದಿಲ್ಲ. ಬಣ್ಣದ ಇಂಗಾಲ ಗಾಳಿಗೆ ಹೋದರೂ ಸೋಡಿಯಂ, ಕ್ಲೋರೈಡು, ಸಲ್ಫೇಟುಗಳು ನೀರಿನಲ್ಲೇ ಉಳಿಯುತ್ತವೆ. ಹಾಗಾಗಿ ತಿಳಿಯಾದ ನೀರನ್ನು ಹಲವು ಸಲ ಬಳಸಿ ಉಪ್ಪೇರಿದ ಮೇಲೆ ಹೊಲಕ್ಕೆ ಬಿಡುವಂತಿಲ್ಲ. ಸೋಡಿಯಂ ಎರೆಮಣ್ಣಿನ ಕಣಗಳನ್ನು ಚದುರಿಸಿ ನೀರಿಂಗದಂತೆ ಮಾಡುತ್ತದೆ, ಒಮ್ಮೆ ಸವಳಾದ ಎರೆಯನ್ನು ಸರಿಪಡಿಸಲು ಜಿಪ್ಸಂ ಮತ್ತು ವರ್ಷಗಟ್ಟಲೆ ತಾಳ್ಮೆ ಬೇಕು. ಕೊನೆಗುಳಿದ ಉಪ್ಪುನೀರನ್ನು ತಳ ಗಟ್ಟಿ ಮಾಡಿದ ತೆಳು ತೊಟ್ಟಿಗಳಲ್ಲಿ ಅದೇ ಬಿಸಿಲಿಗೆ ಒಣಗಿಸಿ, ಉಪ್ಪನ್ನು ಬೇರೆಯಾಗಿ ತೆಗೆದಿಡುವುದು ಇಲ್ಲಿನ ಹವೆಗೆ ಒಗ್ಗುವ ಕ್ರಮ. ಉಪ್ಪು ಕಡಿಮೆ ಬೇಡುವ ಹೊಸ ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಯಲ್ಲಿವೆ, ಅವನ್ನು ಬಳಸಿದರೆ ಒಣಗಿಸಬೇಕಾದ ಉಪ್ಪೂ ಕಡಿಮೆಯಾಗುತ್ತದೆ.